ಕಟ್‌ಆಫ್ ಪಟ್ಟಿಯೂ ಭಾಷೆಯ ಆಯ್ಕೆಯೂ



ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಕೆಲವೇ ದಿನಗಳಲ್ಲಿ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಯ ಪಿಯು ಕಾಲೇಜುಗಳ ಸೂಚನಾ ಫಲಕದ ಮುಂದೆ ತಂದೆತಾಯಂದಿರು ಜಮಾಯಿಸುತ್ತಾರೆ. ಯಾವ ಕಾಲೇಜಿನಲ್ಲಿ ವಿಜ್ಞಾನಕ್ಕೆ ಎಷ್ಟು ಪರ್ಸೆಂಟ್, ಕಾಮರ್ಸಿಗೆ ಎಷ್ಟು ಎಂಬ ಮಾತು ಎರಡು ವಾರ ಮನೆಮನೆಯಲ್ಲೂ ನಡೆಯುತ್ತದೆ. ಆ ಪರ್ಸೆಂಟ್‌ನ ಒಳಗೆ ಏನೇನಿದೆ ಎಂದು ಕೇಳುವವರು ಕಡಿಮೆ. ಗಣಿತ, ವಿಜ್ಞಾನಗಳಷ್ಟೇ ಅದನ್ನು ನಿರ್ಧರಿಸುತ್ತವೆ ಎಂಬುದು ನಮ್ಮ ರೂಢಿಯ ತಿಳಿವಳಿಕೆ. ಲೆಕ್ಕ ಹಾಗಿಲ್ಲ. ಹುಡುಗ ಅಥವಾ ಹುಡುಗಿ ಯಾವ ಭಾಷೆಯನ್ನು ಯಾವ ಸ್ಥಾನದಲ್ಲಿ ತೆಗೆದುಕೊಂಡರು ಎಂಬುದು ಆ ಅಂಕಿಯೊಳಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಪ್ರವೇಶದ ನಿಯಮ ಭಾಷೆಯನ್ನು ಕೂಡಿಸಬಹುದಾದ ಅಂಕವೆಂದು ನೋಡುವವರೆಗೂ ಮಕ್ಕಳು ಸುಲಭದ ಭಾಷೆಯನ್ನು ಹುಡುಕುತ್ತಾರೆ. ಭಾಷೆಯನ್ನು ಲೆಕ್ಕದಿಂದಲೇ ಕೈಬಿಟ್ಟರೆ ಅದನ್ನು ಓದುವುದನ್ನೇ ಬಿಡುತ್ತಾರೆ. ದಾಟಲೇಬೇಕಾದ ಅರ್ಹತೆಯಾಗಿ ಅದನ್ನು ನಿಲ್ಲಿಸಿದಲ್ಲಿ ಮಾತ್ರ ಕಲಿಯುತ್ತಾರೆ. ಇಂದು ನಾನು ವಾದಿಸಬೇಕೆಂದಿರುವುದು ಇಷ್ಟನ್ನೇ.

ಮೊದಲು ಲೆಕ್ಕ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ದ್ವಿತೀಯ ಮತ್ತು ತೃತೀಯ ಭಾಷೆಗಳಿಗೆ ತಲಾ 100, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಿಗೆ ತಲಾ 100. ಮೂರು ಭಾಷೆಗಳದ್ದು ಸೇರಿ 325, ಅಂದರೆ ನೂರಕ್ಕೆ 52. ಮುಂದೆ ವಿಜ್ಞಾನ ಓದಲಿರುವ ಮಗುವಿನ ಸೀಟನ್ನು ನಿರ್ಧರಿಸುವ ಮೊತ್ತದಲ್ಲಿ ವಿಜ್ಞಾನದ ಪಾಲು 16 ಪರ್ಸೆಂಟ್, ಪ್ರಥಮ ಭಾಷೆಯೊಂದರ ಪಾಲೇ 20 ಪರ್ಸೆಂಟ್. ಸಿಬಿಎಸ್‌ಇಯಿಂದ ಬರುವ ಮಕ್ಕಳ ಐದು ಮುಖ್ಯ ವಿಷಯಗಳಲ್ಲಿ ಎರಡು ಭಾಷೆ. ಅಲ್ಲಿ ಪಾಲು 40. ಎರಡು ಬೇರೆ ಬೇರೆ ಅಳತೆಗೋಲಿನಲ್ಲಿ ಅಳೆದ ಮಕ್ಕಳನ್ನು ಒಂದೇ ಪಟ್ಟಿಯಲ್ಲಿ ನಿಲ್ಲಿಸುತ್ತೇವೆ. ಇಬ್ಬರು ಮಕ್ಕಳಿದ್ದಾರೆ ಎಂದುಕೊಳ್ಳಿ: ಗಣಿತ, ವಿಜ್ಞಾನದಲ್ಲಿ ಸರಿಸಮ. ಒಬ್ಬರಿಗೆ ಪ್ರಥಮ ಭಾಷೆ ಕನ್ನಡದಲ್ಲಿ 113, ಇನ್ನೊಬ್ಬರಿಗೆ ಪ್ರಥಮ ಭಾಷೆ ಸಂಸ್ಕೃತದಲ್ಲಿ 123. ಈ ಹತ್ತು ಅಂಕ ಒಟ್ಟು ಮೊತ್ತದಲ್ಲಿ 1.6 ಪರ್ಸೆಂಟ್ ಆಗುತ್ತದೆ. 95ರ ಮೇಲೆ ಕಾಲು ಕಾಲು ಪರ್ಸೆಂಟಿಗೆ ಸೀಟು ಕೈತಪ್ಪುವ ಕಡೆ 1.6 ಎಂದರೆ ಒಂದು ಕಾಲೇಜಿಗೂ ಇನ್ನೊಂದಕ್ಕೂ ಇರುವ ಅಂತರ. 2022ರಲ್ಲಿ 145 ಮಕ್ಕಳು 625ಕ್ಕೆ 625 ಪಡೆದರು. ತುದಿಯಲ್ಲಿ ಇಷ್ಟು ಇಕ್ಕಟ್ಟಾದಾಗ ಭಾಷಾ ಪತ್ರಿಕೆಯಲ್ಲಿ ಕಳೆದುಕೊಂಡ ಒಂದಂಕವೂ ದುಬಾರಿ. ಹಾಗಾಗಿ ಎಂಟನೇ ತರಗತಿಗೆ ಮಗುವನ್ನು ಸೇರಿಸುವಾಗಲೇ 'ಯಾವ ಭಾಷೆ ಸ್ಕೋರಿಂಗ್?' ಎಂದು ವಿಚಾರಿಸುವ ತಂದೆತಾಯಿಯನ್ನು ನಾನು ದೂರಲಾರೆ. ನಿಯಮ ಅವರಿಗೆ ಕಲಿಸಿದ್ದನ್ನೇ ಅವರು ಮಾಡುತ್ತಿದ್ದಾರೆ.

ಸ್ಕೋರಿಂಗ್ ಭಾಷೆ ಎಂಬುದು ಬರೀ ಬಾಯಿಮಾತಲ್ಲ. ಪ್ರಶ್ನೆಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾರಣ ಕಣ್ಣಿಗೆ ಬೀಳುತ್ತದೆ. ಪ್ರಥಮ ಭಾಷೆ ಕನ್ನಡದ ವಿದ್ಯಾರ್ಥಿ ಹಳಗನ್ನಡದ ಪದ್ಯಭಾಗವನ್ನು ಅರ್ಥ ಮಾಡಿಕೊಂಡಿರಬೇಕು, ಕಂಠಪಾಠದ ಪದ್ಯವನ್ನು ತಪ್ಪಿಲ್ಲದೆ ಬರೆಯಬೇಕು, ಒಂದು ಸಾಲಿಗೆ ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಛಂದಸ್ಸನ್ನು ಹೆಸರಿಸಬೇಕು, ಅಲಂಕಾರ ಗುರುತಿಸಿ ಸಮನ್ವಯಿಸಬೇಕು, ಗಾದೆಯನ್ನು ವಿಸ್ತರಿಸಬೇಕು, ಪತ್ರವನ್ನೂ ಪ್ರಬಂಧವನ್ನೂ ಬರೆಯಬೇಕು. ಎಲ್ಲವೂ ಕನ್ನಡದಲ್ಲೇ, ಅಲ್ಪಪ್ರಾಣ, ಮಹಾಪ್ರಾಣ ತಪ್ಪಿದರೆ ಅರ್ಧ ಅಂಕ ಹೋಯಿತು. ಈಗ ಪಿಯುಸಿಯ ಸಂಸ್ಕೃತ ಪತ್ರಿಕೆಗೆ ಬನ್ನಿ. ದೀರ್ಘ ಉತ್ತರದ ಪ್ರಶ್ನೆಗಳ ಮೇಲೆಯೇ, ಸಂಸ್ಕೃತ, ಕನ್ನಡ ಅಥವಾ ಇಂಗ್ಲಿಷಿನಲ್ಲಿ ಉತ್ತರಿಸಬಹುದು ಎಂಬ ಅನುಮತಿ ಇರುತ್ತದೆ. ಕಾಳಿದಾಸನ ಬಗ್ಗೆ ಹತ್ತು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆದರೂ ಅಂಕ ಸಂಸ್ಕೃತದ್ದೇ. ಈ ಅನುಮತಿಯನ್ನು ತಂದವರ ಉದ್ದೇಶ ಒಳ್ಳೆಯದಿರಬೇಕು: ಮಾತಾಡುವ ಮನೆಯಿಲ್ಲದ ಒಂದು ಪ್ರಾಚೀನ ಭಾಷೆಯ ಸಾಹಿತ್ಯವಾದರೂ ಮಕ್ಕಳಿಗೆ ಪರಿಚಯವಾಗಲಿ ಎಂಬ ಆಸೆ. ಅದು ಸಾಹಿತ್ಯ ಪರಿಚಯದ ಪರೀಕ್ಷೆಯಾಗಿ ಚೆನ್ನಾಗಿಯೇ ಇದೆ. ಭಾಷೆಯ ಪರೀಕ್ಷೆಯ ಸಾಲಿನಲ್ಲಿಟ್ಟು, ಕನ್ನಡದ ಅಂಕದೊಡನೆ ತೂಗಿದಾಗ ಅನ್ಯಾಯ ಶುರುವಾಗುತ್ತದೆ. ಅನ್ಯಾಯ ಎರಡು ಕಡೆಗೂ. ಕನ್ನಡದ ಮಗು ಕಷ್ಟದ ಪತ್ರಿಕೆ ಬರೆದು ಹಿಂದೆ ಉಳಿಯುತ್ತದೆ. ಸಂಸ್ಕೃತದ ಮಗು ಐದು ವರ್ಷ ಓದಿಯೂ ಒಂದು ಹೊಸ ಶ್ಲೋಕವನ್ನು ತಾನೇ ಬಿಡಿಸಿ ಅರ್ಥೈಸಲಾರದೆ ಉಳಿಯುತ್ತದೆ. ಸಂಸ್ಕೃತವನ್ನು ಪ್ರೀತಿಸುವವರು ಈ ಎರಡನೇ ನಷ್ಟಕ್ಕೆ ಮೊದಲು ದನಿ ಎತ್ತಬೇಕಿತ್ತು.

ಈ ಪ್ರಶ್ನೆ ಹೊಸದೇನಲ್ಲ. ಕನ್ನಡದ ಒಂದಕ್ಷರವನ್ನೂ ಓದದೆ, ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಪ್ರೌಢಶಾಲೆ ಮುಗಿಸಬಹುದಾಗಿದ್ದ ಕಾಲದಲ್ಲಿ, 1980ರಲ್ಲಿ, ಸರ್ಕಾರ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1981ರ ಜನವರಿಯಲ್ಲಿ ಬಂದ ವರದಿ, ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕವಿರಬೇಕು ಎಂದಿತು. 1982ರ ಚಳವಳಿ, ಡಾ. ರಾಜ್‌ಕುಮಾರ್ ಬೀದಿಗಿಳಿದದ್ದು, ಸರ್ಕಾರದ ಆದೇಶಗಳು, ಆಮೇಲೆ ವರ್ಷಗಟ್ಟಲೆ ನಡೆದ ನ್ಯಾಯಾಲಯದ ಹೋರಾಟ ನಿಮಗೆಲ್ಲ ಗೊತ್ತಿರುವುದೇ. ನಾನು ಗಮನ ಸೆಳೆಯಬೇಕೆಂದಿರುವುದು ಆ ವರದಿಯೂ ಭಾಷೆಯ ಸ್ಥಾನವನ್ನು ಅಂಕದಲ್ಲೇ ಅಳೆಯಿತು ಎಂಬ ಕಡೆಗೆ. ಅಂದಿನ ಸ್ಥಿತಿಯಲ್ಲಿ ಅದು ತಪ್ಪಲ್ಲ, ಅಂಕವಿಲ್ಲದ್ದಕ್ಕೆ ಶಾಲೆಯಲ್ಲಿ ಪೀರಿಯಡ್ಡೂ ಇಲ್ಲ. ಆದರೆ ಅಂಕ ಹೆಚ್ಚಿದಷ್ಟೂ ಅದನ್ನು ಸುಲಭವಾಗಿ ಗಳಿಸುವ ದಾರಿಯ ಬೆಲೆಯೂ ಹೆಚ್ಚುತ್ತದೆ. ಗೌರವಕ್ಕೆಂದು ಪ್ರಥಮ ಭಾಷೆಗೆ ಕೊಟ್ಟ ಹೆಚ್ಚಿನ ತೂಕ, ಆ ಸ್ಥಾನಕ್ಕೆ ಬೇರೆ ಭಾಷೆಗಳೂ ಅರ್ಹವಾದ ಮೇಲೆ, ಆ ಭಾಷೆಗಳಿಗೇ ಲಾಭವಾಯಿತು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕು ಎಂದಿತು. ಪದವಿಯಲ್ಲಿ ಕನ್ನಡ ಕಡ್ಡಾಯ ಮಾಡಿದ 2021ರ ಆದೇಶವನ್ನು ಹೈಕೋರ್ಟ್ ಅದೇ ಡಿಸೆಂಬರಿನಲ್ಲಿ ತಡೆದು ನಿಲ್ಲಿಸಿತು. ಕಡ್ಡಾಯದ ಕುರಿತ ಈ ಜಗ್ಗಾಟದಲ್ಲಿ ನಲವತ್ತು ವರ್ಷ ಕಳೆದಿವೆ. ಪ್ರವೇಶದ ಲೆಕ್ಕವನ್ನು ಯಾರೂ ಮುಟ್ಟಿಲ್ಲ.

ಪಿಯುಸಿಗೆ ಬಂದೊಡನೆ ಚಿತ್ರ ತಲೆಕೆಳಗಾಗುತ್ತದೆ. ಇಲ್ಲಿ 600 ಅಂಕಗಳಲ್ಲಿ 200 ಭಾಷೆಗಳದ್ದು. ಆದರೆ ಮೈಸೂರು ರಸ್ತೆಯ ಎಂಜಿನಿಯರಿಂಗ್ ಕಾಲೇಜಿಗೆ ಸಿಇಟಿ ಮೂಲಕ ಹೋಗುವ ವಿದ್ಯಾರ್ಥಿಗೆ ಪರಿಗಣನೆಯಾಗುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ: ಪಿಯುಸಿಯ ಈ ವಿಷಯಗಳಿಗೆ ಅರ್ಧ, ಸಿಇಟಿಗೆ ಅರ್ಧ. ಭಾಷೆಯ ತೂಕ ಸೊನ್ನೆ. ವೈದ್ಯಕೀಯದ ನೀಟ್‌ನಲ್ಲೂ ಸೊನ್ನೆ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ಸೇರಲು ಬರೆಯುವ ಕ್ಲಾಟ್‌ನಲ್ಲಿ ಇಂಗ್ಲಿಷ್ ಗ್ರಹಿಕೆಗೆ ಮಾತ್ರ ಬೆಲೆ. ಕಾಲೇಜಿನಲ್ಲಿ ಕನ್ನಡ ಓದಿದಿರೋ ಫ್ರೆಂಚ್ ಓದಿದಿರೋ ಕೇಳುವವರಿಲ್ಲ. ಹತ್ತನೇ ತರಗತಿಯಲ್ಲಿ ಮೂರು ಭಾಷೆಗಳಿಗಾಗಿ ರಾತ್ರಿಯೆಲ್ಲ ಕೂತು ಓದಿದ ಅದೇ ಮಗು ಎರಡೇ ತಿಂಗಳಲ್ಲಿ ಭಾಷೆಯ ತರಗತಿಯನ್ನು ಕೋಚಿಂಗಿನ ಹೋಂವರ್ಕ್ ಮುಗಿಸುವ ಬಿಡುವಾಗಿ ಬಳಸತೊಡಗುತ್ತದೆ. ಸಂಯೋಜಿತ ಕೋಚಿಂಗ್ ನಡೆಸುವ ಕಾಲೇಜುಗಳ ವೇಳಾಪಟ್ಟಿಯಲ್ಲಿ ಭಾಷೆ ದಿನದ ಕೊನೆಗೆ ತಳ್ಳಿಸಿಕೊಳ್ಳುತ್ತದೆ, ಪರೀಕ್ಷೆಯ ಮುನ್ನ ಗೈಡ್ ಓದಿ ಪಾಸಾಗುವ ವಿಷಯವಾಗುತ್ತದೆ. ಮಗುವಿನ ಪ್ರೀತಿ ಒಂದೇ ಬೇಸಿಗೆಯಲ್ಲಿ ಬತ್ತಿತು ಎಂದು ಯಾರಾದರೂ ನಂಬುತ್ತಾರೆಯೆ? ಬದಲಾದದ್ದು ಪ್ರವೇಶದ ಸೂತ್ರ. ನನ್ನ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ: ಅದೇ ಮಕ್ಕಳು, ಅದೇ ಬಡಾವಣೆ, ಬಹುಪಾಲು ಅದೇ ಭಾಷೆಗಳು, ಸೂತ್ರ ಬೇರೆಯಾದಾಗ ನಡವಳಿಕೆಯೂ ಬೇರೆ.

ಇನ್ನು ವಿದೇಶಿ ಭಾಷೆಯ ಮಾತು. ಪಿಯುಸಿಯಲ್ಲಿ ಫ್ರೆಂಚ್ ಮತ್ತು ಅರಬ್ಬಿ ಇವೆ. ಸಿಬಿಎಸ್‌ಇ ಶಾಲೆಗಳಲ್ಲಿ ಫ್ರೆಂಚ್, ಜರ್ಮನ್, ಜಪಾನೀಸ್ ಕೂಡ. ಫ್ರೆಂಚ್ ಓದಿದರೆ ಹೊರದೇಶದ ಕಾಲೇಜಿಗೆ ಅನುಕೂಲ ಎಂಬ ನಂಬಿಕೆ ನಮ್ಮ ಬಡಾವಣೆಗಳಲ್ಲಿ ಹಬ್ಬಿದೆ. ಅದರಲ್ಲಿ ಎಷ್ಟು ನಿಜ? ಫ್ರೆಂಚ್ ಮಾಧ್ಯಮದ ಪದವಿಗೆ ಸೇರಬೇಕಾದರೆ ಫ್ರಾನ್ಸಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಬಿ2, ಅಂದರೆ ಭಾಷೆಯನ್ನು ಸ್ವತಂತ್ರವಾಗಿ ಬಳಸಬಲ್ಲ ಮಟ್ಟದ ಪ್ರಮಾಣಪತ್ರ ಕೇಳುತ್ತವೆ. ಜರ್ಮನಿಯಲ್ಲಿ ಜರ್ಮನ್ ಮಾಧ್ಯಮದ ಪದವಿಗೆ ಟೆಸ್ಟ್‌ಡಾಫ್ ಇಲ್ಲವೆ ಡಿಎಸ್‌ಎಚ್‌ನಂಥ ಪರೀಕ್ಷೆ ದಾಟಬೇಕು. ಆ ಪರೀಕ್ಷೆಗಳಲ್ಲಿ ಕೇಳಿಸಿಕೊಳ್ಳಬೇಕು, ಮಾತಾಡಬೇಕು, ಕಾಣದ ಪಠ್ಯವನ್ನು ಓದಿ ಬರೆಯಬೇಕು. ನಮ್ಮ ಅಂಕಪಟ್ಟಿಯ ಫ್ರೆಂಚ್ 98 ಅಲ್ಲಿ ಈ ಕೌಶಲಗಳಿಗೆ ಪುರಾವೆಯಾಗುವುದಿಲ್ಲ. ಹೈಸ್ಕೂಲಿನವರೆಗೆ ಫ್ರೆಂಚ್ ಕಾಣದವರೂ ಪಿಯುಸಿಯಲ್ಲಿ ಅದನ್ನು ಆಯ್ದು ಹೆಚ್ಚಿನ ಅಂಕ ಪಡೆಯುವುದುಂಟು. ಎರಡು ವರ್ಷದ ಆ ಓದು ಬಿ2ನ ಹತ್ತಿರಕ್ಕೂ ಒಯ್ಯುವುದಿಲ್ಲ. ನಿಜವಾಗಿ ಕಲಿಯಬೇಕೆಂದವರು ವಸಂತನಗರದ ಅಲಯನ್ಸ್ ಫ್ರಾನ್ಸೇಸ್‌ಗೋ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೋ ಹೋಗುತ್ತಾರೆ. ಎರಡೂ ನಗರದ ನಡುವಿನಲ್ಲಿ ಅಥವಾ ಪೂರ್ವದಲ್ಲಿವೆ. ಕೆಂಗೇರಿಯ ಹುಡುಗಿಗೆ ಈಗ ನೇರಳೆ ಮಾರ್ಗದ ಮೆಟ್ರೊ ಇಂದಿರಾನಗರದವರೆಗೂ ಇದೆ. ಶುಲ್ಕದ ದಾರಿ ಅಷ್ಟು ಸಲೀಸಲ್ಲ. ಹೀಗೆ ವಿದೇಶಿ ಭಾಷೆಯ ಅಂಕ ಬಡಾವಣೆಯಲ್ಲೇ ಸಿಗುತ್ತದೆ, ವಿದೇಶಿ ಭಾಷೆ ಮಾತ್ರ ಹಣವಿದ್ದವರಿಗೆ ಇನ್ನೊಂದು ಕಡೆ ಸಿಗುತ್ತದೆ.

ಅಮೆರಿಕದಲ್ಲಿ ಬೇರೆಯದೇ ಪದ್ಧತಿಯೊಂದಿದೆ. ಕನ್ನಡ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಕ್ಯಾಲಿಫೋರ್ನಿಯಾದ್ದನ್ನೇ ನೋಡೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಪದವಿ ಪ್ರವೇಶಕ್ಕೆ ಇಂಗ್ಲಿಷಲ್ಲದ ಒಂದೇ ಭಾಷೆಯಲ್ಲಿ ಎರಡು ವರ್ಷದ ಪ್ರೌಢಶಾಲಾ ಓದು, ಅಥವಾ ಅದಕ್ಕೆ ಸಮನಾದ ಮಟ್ಟ, ಬೇಕೇ ಬೇಕು ಎನ್ನುತ್ತದೆ. ಮೂರು ವರ್ಷವಾದರೆ ಒಳ್ಳೆಯದು ಎನ್ನುತ್ತದೆ. ಹಾರ್ವರ್ಡ್ ಒಂದೇ ಭಾಷೆಯನ್ನು ನಾಲ್ಕು ವರ್ಷ ಓದಿರುವುದನ್ನು ಶಿಫಾರಸು ಮಾಡುತ್ತದೆ. ಒತ್ತು ಬಿದ್ದಿರುವುದು ಎಷ್ಟು ಆಳಕ್ಕೆ ಹೋದಿರಿ ಎಂಬುದರ ಮೇಲೆ. ಅದಕ್ಕಿಂತ ಗಮನಾರ್ಹವಾದ ಒಂದು ಕಲಮು ಕ್ಯಾಲಿಫೋರ್ನಿಯಾದ ನಿಯಮದಲ್ಲಿದೆ: ಆರನೇ ತರಗತಿಯಲ್ಲೋ ಅದರ ಮೇಲೋ ಇಂಗ್ಲಿಷಲ್ಲದ ಮಾಧ್ಯಮದ ಶಾಲೆಯಲ್ಲಿ ಎರಡು ವರ್ಷ ಓದಿದ ಮಗು ಆ ಅರ್ಹತೆಯನ್ನು ಆಗಲೇ ಪೂರೈಸಿದಂತೆ. ಅಂದರೆ ಕೆಂಗೇರಿಯ ಸರ್ಕಾರಿ ಶಾಲೆಯಲ್ಲಿ ಏಳನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಅಪ್ಪನ ಕೆಲಸದ ನಿಮಿತ್ತ ಅಲ್ಲಿಗೆ ಹೋದ ಮಗು ಆ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಬಾಗಿಲಲ್ಲಿ ಭಾಷೆಯ ಅರ್ಹತೆಯನ್ನು ಜೇಬಿನಲ್ಲಿಟ್ಟುಕೊಂಡೇ ನಿಲ್ಲುತ್ತದೆ. ಆ ಮಗು ಇಲ್ಲೇ ಉಳಿದು ಎಸ್ಸೆಸ್ಸೆಲ್ಸಿ ಬರೆದಿದ್ದರೆ ಅದೇ ಕನ್ನಡದ 113 ಅಂಕ ಅದನ್ನು ಒಳ್ಳೆಯ ಪಿಯು ಕಾಲೇಜಿನಿಂದ ಹೊರಗಿಡಬಹುದಿತ್ತು. ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್ ಮೀಸಲಾತಿ ಇದೆ, ನಿಜ. ಆದರೆ ಅದು ಓದಿದ ಮಾಧ್ಯಮಕ್ಕೆ ಸಲ್ಲುವ ಮೀಸಲು, ಕಲಿತ ಭಾಷೆಗೆ ಸಲ್ಲುವ ಮನ್ನಣೆಯಲ್ಲ.

ಇಂಗ್ಲೆಂಡ್ ಇದರ ಇನ್ನೊಂದು ಮಗ್ಗುಲನ್ನು ತೋರಿಸಿದೆ. ಅಲ್ಲಿ 2004ರಿಂದ ಹದಿನಾಲ್ಕು ವರ್ಷ ದಾಟಿದ ಮಕ್ಕಳಿಗೆ ವಿದೇಶಿ ಭಾಷೆ ಐಚ್ಛಿಕವಾಯಿತು. ಫ್ರೆಂಚ್, ಜರ್ಮನ್‌ಗಳಲ್ಲಿ ಒಳ್ಳೆಯ ಗ್ರೇಡು ಬರುವುದು ಬೇರೆ ವಿಷಯಗಳಿಗಿಂತ ಕಷ್ಟ ಎಂಬ ದೂರು ಅಲ್ಲಿ ಹಳೆಯದು. ಮಕ್ಕಳು ಗುಂಪುಗುಂಪಾಗಿ ಭಾಷೆ ಬಿಟ್ಟರು. ನಾಲ್ಕರಲ್ಲಿ ಮೂರು ಪಾಲು ಮಕ್ಕಳು ಓದುತ್ತಿದ್ದದ್ದು ಕೆಲವೇ ವರ್ಷಗಳಲ್ಲಿ ಅರ್ಧಕ್ಕೂ ಕೆಳಗಿಳಿಯಿತು. ಕಡೆಗೆ ಪರೀಕ್ಷೆಗಳನ್ನು ನಿಯಂತ್ರಿಸುವ ಸಂಸ್ಥೆಯೇ ಫ್ರೆಂಚ್, ಜರ್ಮನ್ ಗ್ರೇಡಿಂಗ್ ತೀರಾ ಬಿಗಿಯಾಗಿದೆ ಎಂದು 2019ರಲ್ಲಿ ಒಪ್ಪಿ ಸಡಿಲಿಸಬೇಕಾಯಿತು. ಇದರ ನಡುವೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ 2012ರ ಪ್ರವೇಶದಿಂದ ಎಲ್ಲ ಅಭ್ಯರ್ಥಿಗಳೂ ಒಂದು ವಿದೇಶಿ ಭಾಷೆಯನ್ನು ಪ್ರೌಢಶಾಲೆಯಲ್ಲಿ ಪಾಸು ಮಾಡಿರಬೇಕೆಂದು ನಿಯಮ ತಂದಿತು. ಬಡ ಶಾಲೆಗಳ ಮಕ್ಕಳು ಹೊರಗುಳಿಯುತ್ತಾರೆ ಎಂಬ ಆಕ್ಷೇಪಕ್ಕೆ, ಇಲ್ಲದವರು ಸೇರಿದ ಮೇಲೆ ನಮ್ಮಲ್ಲೇ ಕಲಿತು ಪೂರೈಸಲಿ ಎಂದು ದಾರಿ ಬಿಟ್ಟಿತು. ಅರ್ಹತೆ ಇರಲಿ, ಅದನ್ನು ಗಳಿಸುವ ಎರಡನೇ ಅವಕಾಶವೂ ಇರಲಿ: ಈ ಜೋಡಣೆ ನಮಗೆ ಬೇಕಾದದ್ದು.

ಇದನ್ನೆಲ್ಲ ಹೊರಗಿನಿಂದ ತರಬೇಕಾಗಿಯೂ ಇಲ್ಲ. ಗಡಿನಾಡು ಮತ್ತು ಹೊರನಾಡು ಕನ್ನಡಿಗರ ಕೋಟಾದಲ್ಲಿ ಸಿಇಟಿ ಸೀಟು ಕೇಳುವ ಮಕ್ಕಳಿಗೆ ಪರೀಕ್ಷಾ ಪ್ರಾಧಿಕಾರ 50 ಅಂಕದ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಕಾಸರಗೋಡಿನ, ಸೊಲ್ಲಾಪುರದ ಮಗು ಅದರಲ್ಲಿ ಕನಿಷ್ಠ 12 ತೆಗೆಯಬೇಕು. ತೆಗೆದ ಮೇಲೆ ಆ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟಿನ ಕೋಚಿಂಗ್ ಕೇಂದ್ರಗಳಲ್ಲಿ, ಹಂಪಿನಗರದ ಗ್ರಂಥಾಲಯದಲ್ಲಿ ಬೆಳಗಿನಿಂದ ಸಂಜೆವರೆಗೆ ಕೂರುವ ಐಎಎಸ್ ಆಕಾಂಕ್ಷಿಗಳಿಗೂ ಇದು ಪರಿಚಿತ: ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಭಾರತೀಯ ಭಾಷೆಯ ಪತ್ರಿಕೆಗೆ 300 ಅಂಕ, ನೂರಕ್ಕೆ 25 ಬಂದರೆ ಸಾಕು, ಮೊತ್ತಕ್ಕೆ ಸೇರದು; ಬಾರದಿದ್ದರೆ ಉಳಿದ ಪತ್ರಿಕೆಗಳನ್ನು ಎಷ್ಟು ಚೆನ್ನಾಗಿ ಬರೆದಿದ್ದರೂ ಪ್ರಯೋಜನವಿಲ್ಲ. ಈ ವ್ಯವಸ್ಥೆಗಳಲ್ಲಿ ಸುಲಭದ ಭಾಷೆಯ ಬೇಟೆ ಇಲ್ಲ, ಅದರಿಂದ ಲಾಭವಿಲ್ಲವಲ್ಲ. ದೋಷ ಇರುವುದು ಹೊಸ್ತಿಲಿನ ಎತ್ತರದಲ್ಲಿ. ಗಡಿನಾಡಿನ ಪರೀಕ್ಷೆಯ ಮಟ್ಟ ನಾಲ್ಕನೇ ತರಗತಿಯದು. 50ಕ್ಕೆ 12 ಎಂಬುದು ಕಾಲೇಜಿಗೆ ಹೋಗುವವರಿಗೆ ತೀರಾ ತಗ್ಗು. ತಗ್ಗಿನ ಅರ್ಹತೆ ಯಾರಿಗೂ ಏನನ್ನೂ ಕಲಿಸುವುದಿಲ್ಲ. ಅದನ್ನು ಎತ್ತರಿಸುವ ಕೆಲಸ ಬಾಕಿಯಿದೆ.

ನನ್ನ ಸೂಚನೆ ಹೀಗಿದೆ. ಪಿಯು ಪ್ರವೇಶಕ್ಕೆ 625ರ ಮೊತ್ತವನ್ನು ಬಿಟ್ಟು, ವಿದ್ಯಾರ್ಥಿ ಸೇರಬಯಸುವ ವಿಭಾಗಕ್ಕೆ ಬೇಕಾದ ವಿಷಯಗಳ ಅಂಕದ ಮೇಲೆ ಪಟ್ಟಿ ಮಾಡಬೇಕು. ಜೊತೆಗೆ ಎರಡು ಭಾಷೆಗಳಲ್ಲಿ, ಅವುಗಳಲ್ಲೊಂದು ಕನ್ನಡ, ನಿಗದಿತ ಮಟ್ಟ ಮುಟ್ಟಿರಬೇಕು. ಮಟ್ಟವನ್ನು ನೋಡುವುದು ಓದು, ಬರಹ, ಕೇಳಿಕೆ, ಮಾತು ಈ ನಾಲ್ಕರಲ್ಲೂ, ಮತ್ತು ಉತ್ತರ ಆಯಾ ಭಾಷೆಯಲ್ಲೇ. ಸಿಇಟಿ ಸೀಟಿಗೂ ಇದೇ ಅರ್ಹತೆ ಅನ್ವಯಿಸಲಿ. ಆಗ ಪಿಯುಸಿಯ ಭಾಷಾ ತರಗತಿ ಕೋಚಿಂಗಿಗೆ ಬಲಿಯಾಗುವುದು ನಿಲ್ಲುತ್ತದೆ.

ಸಂಸ್ಕೃತವನ್ನೋ ಫ್ರೆಂಚನ್ನೋ ಆಯ್ದುಕೊಳ್ಳುವ ಸ್ವಾತಂತ್ರ್ಯಕ್ಕೆ ಇದು ಅಡ್ಡಿ ಎಂಬ ಆಕ್ಷೇಪ ಬರುತ್ತದೆ. ಸ್ವಾತಂತ್ರ್ಯ ಇದರಿಂದ ಹೆಚ್ಚುತ್ತದೆ ಎಂದೇ ನನ್ನ ನಂಬಿಕೆ. ಇಂದು ತೆಲುಗನ್ನೋ ತಮಿಳನ್ನೋ ಮನೆಯಲ್ಲಾಡುವ ಮಗು ಅದನ್ನು ಬಿಟ್ಟು ಅಂಕದ ಭಾಷೆಗೆ ಹೋಗುತ್ತದೆ. ಅಂಕದ ಆಮಿಷ ಹೋದರೆ ತನಗೆ ಬೇಕಾದದ್ದನ್ನು ಓದಬಹುದು. ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿಗೆ ಹೋಗಬೇಕೆನ್ನುವ ಆಸೆಯಿಂದ ಸಂಸ್ಕೃತ ಓದುವ ಹತ್ತು ಮಕ್ಕಳು, ಪರ್ಸೆಂಟಿಗಾಗಿ ಓದುವ ನೂರು ಮಕ್ಕಳಿಗಿಂತ ಆ ಭಾಷೆಗೆ ಹೆಚ್ಚಿನ ಬಲ. ಸಂಖ್ಯೆ ಕುಸಿದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ ಎಂಬ ಆತಂಕ ನಿಜವಾದದ್ದು. ಅದಕ್ಕೆ ಉತ್ತರ ಸಣ್ಣ ತರಗತಿಗಳಿಗೂ ಹುದ್ದೆ ಉಳಿಸುವ ನಿಯಮ. ಹುದ್ದೆಗಾಗಿ ಪರೀಕ್ಷೆಯನ್ನು ಸಡಿಲಗೊಳಿಸುತ್ತ ಹೋಗುವುದು ಆ ಅಧ್ಯಾಪಕರ ವಿದ್ವತ್ತಿಗೇ ಅವಮಾನ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಕನ್ನಡದ ಜೊತೆಗಿನ ಇನ್ನೊಂದು ಭಾಷೆ ಬಹುಮಟ್ಟಿಗೆ ಇಂಗ್ಲಿಷೇ ಆಗುತ್ತದೆ. ಮನೆಯಲ್ಲಿ ಇಂಗ್ಲಿಷಿಲ್ಲದ, ಟ್ಯೂಷನ್ನಿಗೆ ಹಣವಿಲ್ಲದ ಮಗುವಿಗೆ ಇಂಗ್ಲಿಷಿನ ನಿಗದಿತ ಮಟ್ಟವೇ ಗೋಡೆಯಾಗುತ್ತದೆ. ಇಂದಿನ ಮೊತ್ತದಲ್ಲಾದರೆ ಕನ್ನಡದ ಅಂಕ ಅದನ್ನು ತುಂಬಿಕೊಡುತ್ತದೆ ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಇಂದಿನ ಕಟ್‌ಆಫ್ ಆ ಮಗುವನ್ನು ಈಗಾಗಲೇ ಹೊರಗಿಟ್ಟಿದೆ, ಕನ್ನಡದ ಕಷ್ಟದ ಪತ್ರಿಕೆಯನ್ನೂ ಇಂಗ್ಲಿಷಿನ ಕೊರತೆಯನ್ನೂ ಒಟ್ಟಿಗೆ ಹೊರಿಸಿ. ಲಂಡನ್ನಿನ ಕಾಲೇಜು ತೆರೆದ ಎರಡನೇ ಅವಕಾಶವನ್ನು ಇಲ್ಲೂ ತೆರೆಯಬೇಕು: ಒಂದು ಭಾಷೆಯಲ್ಲಿ ಮಟ್ಟ ಮುಟ್ಟದ ಮಗುವಿಗೆ ಸೀಟು ಕೊಟ್ಟು, ಮೊದಲ ವರ್ಷದಲ್ಲಿ ಆ ಭಾಷೆಯನ್ನು ಕಾಲೇಜೇ ಉಚಿತವಾಗಿ ಕಲಿಸಿ, ಎರಡನೇ ವರ್ಷಕ್ಕೆ ಹೋಗುವ ಮುನ್ನ ಮತ್ತೆ ಪರೀಕ್ಷಿಸಬೇಕು. ಆಗ ಹೊಣೆ ಮಗುವಿನ ಮನೆಯಿಂದ ಕಾಲೇಜಿಗೆ ವರ್ಗವಾಗುತ್ತದೆ. ಹೆಚ್ಚಿನ ಪರ್ಸೆಂಟಿನ ಮಕ್ಕಳನ್ನೇ ಆರಿಸಿಕೊಂಡು ಹೆಚ್ಚಿನ ಫಲಿತಾಂಶ ತೋರಿಸುವ ಕಾಲೇಜುಗಳಿಗೆ ಈ ಹೊಣೆ ಹಿಡಿಸಲಿಕ್ಕಿಲ್ಲ. ಹಿಡಿಸದಿರುವುದು ನನಗೆ ಅಡ್ಡಿಯಾಗಿ ಕಾಣುತ್ತಿಲ್ಲ.

ಎಸ್ಸೆಸ್ಸೆಲ್ಸಿ ಬರೆಯುವ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳ ಮಾತನ್ನೂ ಕೇಳಿಕೆಯನ್ನೂ ಪರೀಕ್ಷಿಸುವುದು ಆಗದ ಕೆಲಸ ಎನ್ನುವವರಿಗೆ, ಆ ಕೆಲಸಕ್ಕೆ ಜಾಗ ಈಗಾಗಲೇ ಇದೆ ಎಂದು ತೋರಿಸಬಹುದು. ಪ್ರಥಮ ಭಾಷೆಯ 25, ಉಳಿದ ಭಾಷೆಗಳ 20 ಅಂಕ ಆಂತರಿಕ ಮೌಲ್ಯಮಾಪನದ್ದು. ಇಂದು ಅದು ಬಹುತೇಕ ಎಲ್ಲರಿಗೂ ಪೂರ್ತಿಯಾಗಿ ಬೀಳುವ ಅಂಕ. ಪಕ್ಕದ ಶಾಲೆಯ ಶಿಕ್ಷಕರು ಬಂದು ಹತ್ತು ನಿಮಿಷ ಮಾತಾಡಿಸಿ, ಧ್ವನಿ ಮುದ್ರಿಸಿ ಕೊಡುವ ವ್ಯವಸ್ಥೆ ಮಾಡಿದರೆ ಅದೇ ಅಂಕ ಮಾತಿನ ಪರೀಕ್ಷೆಯಾಗುತ್ತದೆ. ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರನ್ನು ಪಿಯುಸಿಯಲ್ಲಿ ವರ್ಷವರ್ಷವೂ ಕಳಿಸುವ ಇಲಾಖೆಗೆ ಇದು ಹೊಸ ವಿದ್ಯೆಯಲ್ಲ.

ಸರ್ಕಾರದ ಆದೇಶಕ್ಕೆ ಕಾಯದೆ ಮಾಡಬಹುದಾದದ್ದೂ ಉಂಟು. ಅನುದಾನರಹಿತ ಪಿಯು ಕಾಲೇಜುಗಳು ತಮ್ಮ ಕಟ್‌ಆಫ್ ತಾವೇ ಗೊತ್ತುಮಾಡುತ್ತವೆ. ಬರುವ ಪ್ರವೇಶದ ಹೊತ್ತಿಗೆ ಪಶ್ಚಿಮ ಬೆಂಗಳೂರಿನ ನಾಲ್ಕಾರು ಕಾಲೇಜುಗಳು, ವಿಜ್ಞಾನ ವಿಭಾಗಕ್ಕೆ ಗಣಿತ ಮತ್ತು ವಿಜ್ಞಾನದ 200ರಲ್ಲಿ ಇಷ್ಟು, ಕನ್ನಡ ಮತ್ತು ಇಂಗ್ಲಿಷಿನಲ್ಲಿ ತಲಾ ಇಷ್ಟು ಎಂದು ಬೇರೆಬೇರೆಯಾಗಿ ಫಲಕದ ಮೇಲೆ ಬರೆಯಲಿ. ಹಾಗೆ ಬರೆದ ಮರುವರ್ಷ, ಎಂಟನೇ ತರಗತಿಗೆ ಮಗುವನ್ನು ಸೇರಿಸುವ ತಾಯಿ ಶಾಲೆಯ ಕಚೇರಿಯಲ್ಲಿ ಕೇಳುವ ಪ್ರಶ್ನೆ ಬೇರೆಯಾಗುತ್ತದೆ: ಇಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಸುವವರು ಯಾರಿದ್ದಾರೆ? ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಮೇಷ್ಟರುಗಳು ನಮ್ಮ ಬಡಾವಣೆಗಳ ಶಾಲೆಗಳಲ್ಲಿ ಈಗಲೂ ಇದ್ದಾರೆ. ಅವರ ಕೈಗೆ ವಾರಕ್ಕೆ ಆರು ಪೀರಿಯಡ್ಡು, ಓದಲು ಒಂದು ಕಪಾಟು ಪುಸ್ತಕ ಸಿಗುವಂತೆ ಕಾಲೇಜುಗಳ ಪ್ರಾಂಶುಪಾಲರು ಮೊದಲು ತಮ್ಮ ಫಲಕವನ್ನು ತಿದ್ದಬೇಕು.